ಮೂವತ್ತೊಂಬತ್ತಕ್ಕೆ ಎಂಬಿಎ: ಒಂದು ಆಪ್ತಸಲಹೆ ಪ್ರಕರಣ

ಏಪ್ರಿಲ್-ಮೇ ಬಂತೆಂದರೆ ನನ್ನ ಬಳಿ ಬರುವ ನಡುವಯಸ್ಸಿನ ಗಂಡಸರ ಸಂಖ್ಯೆ ಹೆಚ್ಚುತ್ತದೆ. ವರ್ಷದ ಕೆಲಸವನ್ನು ಅಳೆಯುವ ಅಪ್ರೈಸಲ್ ಪತ್ರ ಆಗಷ್ಟೇ ಕೈಗೆ ಬಂದಿರುತ್ತದೆ. ಬಡ್ತಿ ಸಿಕ್ಕಿರುವುದಿಲ್ಲ, ಇಲ್ಲವೇ ತನಗೆ ಬರಬೇಕಾಗಿದ್ದ ಕುರ್ಚಿಯಲ್ಲಿ ಆರೇಳು ವರ್ಷ ಚಿಕ್ಕವರೊಬ್ಬರು ಕೂತಿರುತ್ತಾರೆ. ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ಸಿಡಿಮಿಡಿ ಎಂದು ಶುರುವಾಗುವ ಮಾತು ಸ್ವಲ್ಪ ಹೊತ್ತಿನಲ್ಲೇ 'ಎಂಬಿಎ ಮಾಡಿಬಿಟ್ಟರೆ ಹೇಗೆ ಮೇಡಂ?' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೆಂಗಸರೂ ಬರುತ್ತಾರೆ. ಆದರೆ ಕೋರ್ಸು ಯಾವುದು, ಫೀಸೆಷ್ಟು, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೆಲ್ಲ ಅವರು ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ. ಗಂಡಸರು ಬಹುಮಟ್ಟಿಗೆ ಸಿಟ್ಟನ್ನಷ್ಟೇ ಹೊತ್ತು ತರುತ್ತಾರೆ.

ಈ ಪ್ರಕರಣ ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಕೊಟ್ಟ ಸಲಹೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಬಂದವರೇ ತಮ್ಮ ದಾರಿ ಕಂಡುಕೊಳ್ಳುವಂತೆ ನೆರವಾಗಬೇಕು, ನಾವಾಗಿ ದಾರಿ ತೋರಿಸಬಾರದು ಎಂಬುದು ನಾವೆಲ್ಲ ಕಲಿತ ಪಾಠ. ದಾಂಪತ್ಯದ, ಸಾವು-ನೋವಿನ ವಿಷಯದಲ್ಲಿ ನಾನೂ ಆ ಗೆರೆ ದಾಟುವುದಿಲ್ಲ. ಆದರೆ ಮನೆಸಾಲ ತಲೆಯ ಮೇಲಿರುವವರು ರಾಜೀನಾಮೆ ಪತ್ರ ಬರೆದಿಟ್ಟುಕೊಂಡು ಬಂದಾಗ 'ನಿಮಗೇನನ್ನಿಸುತ್ತೆ?' ಎಂದು ತಲೆಯಾಡಿಸುತ್ತ ಕೂರುವುದು ನನ್ನಿಂದಾಗದು.

ಅವರನ್ನು ಮಂಜುನಾಥ್ ಎಂದಿಟ್ಟುಕೊಳ್ಳೋಣ. ಬರೆಯಲು ಅವರ ಒಪ್ಪಿಗೆ ಇದೆ. ಹೆಸರು, ಕಾರ್ಖಾನೆಯ ಗುರುತು, ಅಂಕಿಗಳನ್ನು ಬದಲಿಸಿದ್ದೇನೆ. ವಯಸ್ಸು 39. ಡಿಪ್ಲೊಮಾ ಮುಗಿಸಿ, ವಾಹನಗಳಿಗೆ ಅಲ್ಯೂಮಿನಿಯಂ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆಗೆ ಸೇರಿದವರು. ಕೆಲಸ ಮಾಡುತ್ತಲೇ ಸಂಜೆ ಕಾಲೇಜಿನಲ್ಲಿ ಬಿಇ ಮಾಡಿಕೊಂಡರು. ಈಗ ಪ್ರೊಡಕ್ಷನ್ ಮ್ಯಾನೇಜರ್. ಪ್ಲಾಂಟ್ ಹೆಡ್ ನಿವೃತ್ತರಾದಾಗ ಆ ಜಾಗಕ್ಕೆ ಹೊರಗಿನಿಂದ 32 ವರ್ಷದ, ಐಐಎಂನಲ್ಲಿ ಓದಿದ ಹುಡುಗ ಬಂದ. ಹೆಂಡತಿ ಹೈಸ್ಕೂಲ್ ಟೀಚರ್, ಮಗಳು ಒಂಬತ್ತನೇ ತರಗತಿ, ಮನೆಸಾಲದ ಕಂತು ತಿಂಗಳಿಗೆ 38 ಸಾವಿರ. ಇಷ್ಟು ಹಿನ್ನೆಲೆ ಸಾಕು.

ಮೊದಲ ಸಲ ಹೆಂಡತಿಯೇ ಕರೆದುಕೊಂಡು ಬಂದಿದ್ದರು. 'ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರ್ತಾರೆ ಮೇಡಂ. ಮಗಳು ಮಾತಾಡಿಸಿದ್ರೂ ರೇಗ್ತಾರೆ.' ನಾಲ್ಕಕ್ಕೆ ಎದ್ದು ಓದುತ್ತಿದ್ದದ್ದು ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಪುಸ್ತಕ, ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದು. ತೆಗೆದು ನೋಡಿದರೆ ಹಳೆಯ ಆವೃತ್ತಿ. ವಾಕ್ಯದೋಷ ತಿದ್ದುವ ಪ್ರಶ್ನೆಗಳು, ರೇಖಾಗಣಿತ ಎಂದು ಅರ್ಧ ಪುಸ್ತಕ ತುಂಬಿತ್ತು. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಅವೆರಡೂ ಇಲ್ಲ. ಈಗಿನದು ಎರಡೂಕಾಲು ಗಂಟೆಯ ಪರೀಕ್ಷೆ. ಕ್ವಾಂಟ್ (ಗಣಿತ), ವರ್ಬಲ್ (ಭಾಷೆ), ಡೇಟಾ ಇನ್‌ಸೈಟ್ಸ್ ಎಂದು ಮೂರು ಭಾಗ, ಒಂದೊಂದಕ್ಕೆ 45 ನಿಮಿಷ, ಅಂಕ 205ರಿಂದ 805ರವರೆಗೆ. ಮೂರನೆಯದರಲ್ಲಿ ಬರುವುದು ಕೋಷ್ಟಕ, ನಕ್ಷೆ, ಇಷ್ಟು ಮಾಹಿತಿ ಸಾಕೋ ಸಾಲದೋ ಎಂಬಂಥ ಪ್ರಶ್ನೆಗಳು. ದಿನವೂ ಶಿಫ್ಟ್ ವರದಿ ನೋಡುವವರಿಗೆ ಅದೇನೂ ಹೊಸದಲ್ಲ. ಇರದ ಪರೀಕ್ಷೆಗೆ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರಲ್ಲ ಎಂದು ನನಗೇ ಸಂಕಟವಾಯಿತು.

ಇನ್ನೊಂದು ಪೆಟ್ಟು ಅನುಭವದ ಲೆಕ್ಕದಲ್ಲಿ ಬಿತ್ತು. ಐಐಎಂ ಬೆಂಗಳೂರಿನ ಒಂದು ವರ್ಷದ ಪೂರ್ಣಾವಧಿ ಕೋರ್ಸ್ ಇಪಿಜಿಪಿಗೆ ಕನಿಷ್ಠ 5 ವರ್ಷ, ಐಐಎಂ ಅಹಮದಾಬಾದಿನ ಅಂಥದೇ ಕೋರ್ಸ್ ಪಿಜಿಪಿಎಕ್ಸ್‌ಗೆ 4 ವರ್ಷದ ಅನುಭವ ಬೇಕು. ಎರಡೂ ಕಡೆ ಎಣಿಸುವುದು ಪದವಿ ಮುಗಿದ ಮೇಲಿನ ವರ್ಷಗಳನ್ನು. ಮಂಜುನಾಥ್ ಅವರದು ಒಟ್ಟು ಇಪ್ಪತ್ತು ವರ್ಷದ ದುಡಿಮೆ; ಬಿಇ ನಂತರದ್ದು ಹನ್ನೆರಡು. ಅರ್ಹತೆಗೆ ಅದು ಧಾರಾಳವಾಗಿ ಸಾಕು. ಆದರೂ ಅವರ ಮುಖ ಕಂದಿತು. 'ಹಾಗಾದ್ರೆ ಡಿಪ್ಲೊಮಾ ಆದ್ಮೇಲೆ ಮೆಷಿನ್ ಮುಂದೆ ನಿಂತಿದ್ದು ಲೆಕ್ಕಕ್ಕೇ ಇಲ್ವಾ?'

ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧಗಳನ್ನು ದುಡ್ಡು ಕೊಟ್ಟು ಒಬ್ಬ ಕನ್ಸಲ್ಟೆಂಟ್ ಕೈಲಿ ಬರೆಸಿದ್ದರು. ನಾಲ್ಕು ಹಾಳೆ ಇಂಗ್ಲಿಷು. ನಾಯಕತ್ವದ ತುಡಿತ, ಜಾಗತಿಕ ದೃಷ್ಟಿ, ಬದಲಾವಣೆಯ ಹರಿಕಾರ. ಹೆಸರು ಅಳಿಸಿ ನನ್ನ ಹೆಸರು ಬರೆದರೂ ನಡೆಯುತ್ತಿತ್ತು. ಇದರ ನಡುವೆ ಮತ್ತೊಂದು ಕಡೆಯಿಂದ ದಿನಕ್ಕೆರಡು ಬಾರಿ ಫೋನು: ಹನ್ನೊಂದು ತಿಂಗಳ ಆನ್‌ಲೈನ್ ಕೋರ್ಸು, ಪರೀಕ್ಷೆ ಬೇಡ, ದೊಡ್ಡ ಸಂಸ್ಥೆಯ ಹೆಸರು, ಇವತ್ತೇ ಸೀಟ್ ಬ್ಲಾಕ್ ಮಾಡಿದರೆ ರಿಯಾಯಿತಿ. ಇಂಥವನ್ನು ಕಲಿಕೆಗಾಗಿ ಮಾಡಿದರೆ ನನ್ನ ತಕರಾರಿಲ್ಲ. ಆದರೆ ಕೊನೆಯಲ್ಲಿ ಸಿಗುವುದು ಪ್ರಮಾಣಪತ್ರ, ಪದವಿಯಲ್ಲ. 2017ರ ಐಐಎಂ ಕಾಯ್ದೆ ಬಂದ ಮೇಲೆ ಐಐಎಂಗಳು ಎಂಬಿಎ ಪದವಿಯನ್ನೇ ಕೊಡುತ್ತಿವೆ ನಿಜ. ಅವುಗಳ ಹೆಸರಿರುವ ಪ್ರತಿ ಕೋರ್ಸಿಗೂ ಅದು ಅನ್ವಯಿಸುವುದಿಲ್ಲ. ಫೋನಿನಲ್ಲಿ ಸಿಹಿಯಾಗಿ ಮಾತಾಡುವವರು ಇದನ್ನು ತಾವಾಗಿ ಹೇಳುವುದಿಲ್ಲ. ನಾವೇ ಕೇಳಬೇಕು.

ಅವರಿಗೊಂದು ಕೆಲಸ ಹಚ್ಚಿದೆ. ಕೋರ್ಸು ಮುಗಿದ ಮರುದಿನ ನಿಮಗೆ ಯಾವ ಕೆಲಸ ಬೇಕು? ಅಂಥ ಮೂರು ಜಾಹೀರಾತು ಹುಡುಕಿ ತನ್ನಿ ಎಂದೆ.

ತಂದರು. ಎರಡು ಪ್ಲಾಂಟ್ ಹೆಡ್ ಹುದ್ದೆಗಳು. ಅವೆರಡೂ ಎಂಬಿಎ ಕಡ್ಡಾಯ ಎಂದಿರಲಿಲ್ಲ. ಲಾಭ-ನಷ್ಟದ ಹೊಣೆ ಹೊತ್ತ ಅನುಭವ ಕೇಳಿದ್ದವು. ಮೂರನೆಯದು ಕನ್ಸಲ್ಟಿಂಗ್ ಕಂಪನಿಯದು: ಹೆಸರಾಂತ ಸಂಸ್ಥೆಯ ಎಂಬಿಎ, ಅನುಭವ ಎಂಟರಿಂದ ಹನ್ನೆರಡು ವರ್ಷ. ಕೋರ್ಸು ಮುಗಿಯುವಷ್ಟರಲ್ಲಿ ಇವರು ಆ ಗೆರೆಯಾಚೆ ಇರುತ್ತಾರೆ. ಮೂರೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅವರೇ ಓದಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

'ಆ ಹುಡುಗನ ಮೇಲೆ ನಿಮಗ್ಯಾಕೆ ಅಷ್ಟು ಸಿಟ್ಟು?' ಎಂದು ಕೇಳಿದೆ. ಜಾಗ ಕಿತ್ತುಕೊಂಡ ಎನ್ನುತ್ತಾರೆ ಅಂದುಕೊಂಡಿದ್ದೆ.

'ಹುಡುಗ ಒಳ್ಳೇವನೇ ಮೇಡಂ. ನನ್ನನ್ನ ಸರ್ ಅಂತಾನೇ ಕರೀತಾನೆ. ತಿಂಗಳ ಮೀಟಿಂಗ್‌ನಲ್ಲಿ ಅವನು ಎಬಿಟ್ಡಾ (ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ) ಇಷ್ಟು ಇಳೀತು ಅಂತಾನೆ, ಎಲ್ಲರೂ ತಲೆ ಆಡಿಸ್ತಾರೆ. ನಾನೂ ಆಡಿಸ್ತೀನಿ. ಇಪ್ಪತ್ತು ವರ್ಷದಿಂದ ಆ ಎಬಿಟ್ಡಾನ ದುಡಿದು ಕೊಡ್ತಾ ಇರೋನು ನಾನು. ನನಗೆ ಅದನ್ನ ಓದೋಕೆ ಬರಲ್ಲ.'

ಇಷ್ಟೂ ದಿನ ನಿದ್ದೆ, ಸಿಟ್ಟು, ವಯಸ್ಸು, ಅವಮಾನ ಎಂದೆಲ್ಲ ಸುತ್ತು ಹಾಕಿದ ಮೇಲೆ ಈ ಮಾತು ಹೊರಬಿತ್ತು. ಸಮಾಧಾನ ಹೇಳಲು ಹೋಗಲಿಲ್ಲ. ಕನ್ಸಲ್ಟೆಂಟ್ ಬರೆದ ಪ್ರಬಂಧದ ಹಾಳೆಯನ್ನೇ ಮಗುಚಿ ಪೆನ್ನು ಕೊಟ್ಟೆ. ನೀವು ಹೊಯ್ಯೋ ಒಂದು ಪೀಸಿಗೆ ಎಷ್ಟು ಖರ್ಚು ಬೀಳುತ್ತೆ, ನನಗೆ ಅರ್ಥವಾಗೋ ಹಾಗೆ ಬರೆದು ತೋರಿಸಿ ಎಂದೆ.

ಅಲ್ಯೂಮಿನಿಯಂ ಗಟ್ಟಿಯ (ಇಂಗಾಟ್) ಬೆಲೆ ಬರೆದರು. ಕರಗಿಸುವಾಗ ಕಿಟ್ಟವಾಗಿ ಹೋಗುವ ಲೋಹ, ಮೆಷಿನ್ ಗಂಟೆಯ ದರ, ಕರೆಂಟು, ಎರಕದ ಅಚ್ಚಿನ (ಡೈ) ಸವೆತ, ಕೂಲಿ, ಮೆಷಿನಿಂಗ್. ಕೈ ಎಲ್ಲೂ ತಡೆಯಲಿಲ್ಲ. ಎರಡು ವರ್ಷದ ಹಿಂದೆ ಬ್ರಾಕೆಟ್ ಎಂಬ ಒಂದು ಬಿಡಿಭಾಗದಲ್ಲಿ ಗಾಳಿ ಸಿಕ್ಕಿ ತೂತು (ಬ್ಲೋ ಹೋಲ್) ಬಿದ್ದು ನೂರಕ್ಕೆ ಆರು ಪೀಸು ರಿಜೆಕ್ಟ್ ಆಗುತ್ತಿದ್ದವಂತೆ. ಇವರು ಮೂರು ರಾತ್ರಿ ಪಾಳಿ ಮೆಷಿನ್ ಪಕ್ಕದಲ್ಲೇ ನಿಂತು, ಡೈ ಒಳಗಿನ ಗಾಳಿ ಹೊರಹೋಗುವ ದಾರಿ ಕಟ್ಟಿಕೊಂಡಿದ್ದನ್ನು ಹಿಡಿದು, ಅದನ್ನು ಅಗಲ ಮಾಡಿಸಿದರು. ರಿಜೆಕ್ಷನ್ ಮೂರೂವರೆಗೆ ಇಳಿಯಿತು. 'ಅದರಿಂದ ಕಂಪನಿಗೆ ಎಷ್ಟು ಉಳೀತು?' ಎಂದೆ. 'ಗೊತ್ತಿಲ್ಲ. ಯಾರೂ ಕೇಳ್ಲಿಲ್ಲ.' 'ಈಗ ನಾನು ಕೇಳ್ತಾ ಇದ್ದೀನಿ.'

ರಿಜೆಕ್ಟ್ ಆದ ಪೀಸನ್ನು ಮತ್ತೆ ಕರಗಿಸುತ್ತಾರೆ, ಹಾಗಾಗಿ ಲೋಹದ ಪೂರ್ತಿ ಬೆಲೆಯನ್ನು ನಷ್ಟ ಎನ್ನುವಂತಿಲ್ಲ ಎಂದು ಅವರೇ ವಿವರಿಸಿ ಅದನ್ನು ಕಳೆದರು. ವಾಪಸು ಬಾರದ ಖರ್ಚು ಪೀಸಿಗೆ 28 ರೂಪಾಯಿ. ತಿಂಗಳಿಗೆ ಎರಡು ಲಕ್ಷ ಪೀಸು, ಅದರ ಎರಡೂವರೆ ಪರ್ಸೆಂಟ್ ಎಂದರೆ ಐದು ಸಾವಿರ. ತಿಂಗಳಿಗೆ 1,40,000. ವರ್ಷಕ್ಕೆ 16,80,000. ಕೊನೆಯ ಸೊನ್ನೆ ಬರೆದು ಪೆನ್ನು ಕೆಳಗಿಟ್ಟರು. 'ಒಂದೇ ಪಾರ್ಟ್‌ನಲ್ಲಿ ಮೇಡಂ' ಎಂದರು.

ನೀವೀಗ ಬರೆದದ್ದೇ ಆ ಹುಡುಗ ಮೀಟಿಂಗ್‌ನಲ್ಲಿ ಓದುವ ಲೆಕ್ಕದ ಒಂದು ಸಾಲು ಎಂದೆ. ಆ ಪ್ರಬಂಧದ ನಾಲ್ಕು ಹಾಳೆಯಲ್ಲಿ ಈ ಬ್ರಾಕೆಟ್ಟಿನ ಸುದ್ದಿ ಒಂದಕ್ಷರವೂ ಇರಲಿಲ್ಲ. ಕನ್ಸಲ್ಟೆಂಟ್ ಕೇಳಲಿಲ್ಲ, ಇವರು ಹೇಳಲಿಲ್ಲ.

ಆ ದಿನ ನೇರವಾಗಿ ಸಲಹೆ ಕೊಟ್ಟೆ. ರಾಜೀನಾಮೆ ಬೇಡ, ಒಂದು ವರ್ಷದ ಪೂರ್ಣಾವಧಿ ಕೋರ್ಸಿಗೆ ಈ ವರ್ಷ ಅರ್ಜಿಯೂ ಬೇಡ. ನಾಲ್ಕು ತಿಂಗಳು ಲೆಕ್ಕಪತ್ರ ಓದುವುದನ್ನು ಕಲಿಯಿರಿ. ಸರ್ಕಾರದ 'ಸ್ವಯಂ' ತಾಣದಲ್ಲಿ ಐಐಎಂ ಬೆಂಗಳೂರಿನವರದೇ ಮ್ಯಾನೇಜ್‌ಮೆಂಟ್ ಕೋರ್ಸುಗಳಿವೆ. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ. ಜೊತೆಗೆ ನಿಮ್ಮ ಫೈನಾನ್ಸ್ ಮ್ಯಾನೇಜರ್ ಹತ್ತಿರ ಹೋಗಿ, ತಿಂಗಳ ಲಾಭ-ನಷ್ಟದ ಪಟ್ಟಿ ನೋಡುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ಕೇಳಿ. ಅಷ್ಟಾದ ಮೇಲೂ ಓದುವ ಹಸಿವು ಉಳಿದರೆ, ಕೆಲಸದಲ್ಲಿದ್ದುಕೊಂಡೇ ಮಾಡುವ ಐಐಎಂ ಬೆಂಗಳೂರಿನ ವಾರಾಂತ್ಯದ ಎರಡು ವರ್ಷದ ಕೋರ್ಸ್ ಪಿಜಿಪಿಇಎಂಗೆ ಅರ್ಜಿ ಹಾಕಿ. ಪ್ರಬಂಧದಲ್ಲಿ ಬ್ರಾಕೆಟ್ ಕಥೆ ಬರೆಯಿರಿ, ನಿಮ್ಮದೇ ಇಂಗ್ಲಿಷಿನಲ್ಲಿ. ಶಿಫಾರಸು ಪತ್ರವನ್ನು ಆ ಹುಡುಗನಿಂದಲೇ ಕೇಳಿ, ಈಗ ನಿಮ್ಮ ಕೆಲಸ ದಿನವೂ ನೋಡುವವನು ಅವನೇ.

ಕನಸಿಗೆ ತಣ್ಣೀರೆರಚಿದಿರಿ ಎಂದರು ಒಬ್ಬ ಸಹೋದ್ಯೋಗಿ. ನಲವತ್ತರ ಹತ್ತಿರ ಬಂದವನಿಗೆ ಎರಡು ವರ್ಷ ಎಂದರೆ ಆ ಕೋರ್ಸು ಮುಗಿಯುವುದೇ ಇಲ್ಲ ಎಂದರು ಇನ್ನೊಬ್ಬರು. ನಾನು ಹಾಕಿದ ಲೆಕ್ಕ ಇದು. ಆ ಪೂರ್ಣಾವಧಿ ಕೋರ್ಸುಗಳ ಫೀಸು ಮೂವತ್ತು ಲಕ್ಷ ದಾಟುತ್ತದೆ. ಬಿಟ್ಟುಕೊಡುವ ಒಂದು ವರ್ಷದ ಸಂಬಳ ಇವರದು ಇಪ್ಪತ್ತೆರಡು ಲಕ್ಷ. ಮನೆಸಾಲದ ಕಂತು ನಿಲ್ಲುವುದಿಲ್ಲ, ಅದರ ಮೇಲೆ ಶಿಕ್ಷಣ ಸಾಲದ ಬಡ್ಡಿ. ಆ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಉಂಟು, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ಅರ್ಧ ಕೋಟಿಯ ಮೇಲಿನ ಈ ಹೊರೆಗೆ ಎದುರಾಗಿ ಸಿಗುವುದೇನು? ಕ್ಯಾಂಪಸ್ಸಿಗೆ ಬರುವ ಕಂಪನಿಗಳು ನಲವತ್ತರವರನ್ನು ಹುಡುಕಿಕೊಂಡು ಬರುವುದು ಕಡಿಮೆ. ಆ ವಯಸ್ಸಿನವರು ಕೆಲಸ ಹುಡುಕುವುದು ಹೆಚ್ಚಾಗಿ ತಮ್ಮ ಸಂಪರ್ಕಗಳಿಂದಲೇ. ಮಂಜುನಾಥ್ ಅವರ ಸಂಪರ್ಕಗಳೆಲ್ಲ ಇರುವುದು ಇದೇ ಎರಕದ ವ್ಯಾಪಾರದಲ್ಲಿ. ಅಂದಮೇಲೆ ಅದನ್ನು ಬಿಟ್ಟು ಹೋಗಿ ಮರಳಿ ಅಲ್ಲಿಗೇ ಬರಲು ಅರ್ಧ ಕೋಟಿ ಏಕೆ?

ನಾನು ಎಂಬಿಎ ವಿರೋಧಿಯೇನಲ್ಲ. ಅದೇ ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದ 33ರ ಹೆಣ್ಣುಮಗಳೊಬ್ಬರಿಗೆ, ಯೋಚಿಸುತ್ತ ಕೂರಬೇಡಿ, ಪೂರ್ಣಾವಧಿಗೇ ಹೋಗಿ ಎಂದೆ. ಆಕೆ ಕ್ಷೇತ್ರವನ್ನೇ ಬದಲಿಸಬೇಕಿತ್ತು, ಉಳಿತಾಯವಿತ್ತು, ಯಾರ ಮೇಲೂ ಸಿಟ್ಟಿರಲಿಲ್ಲ. ಸಂದರ್ಶನದಲ್ಲಿ ಕೇಳಿಯೇ ಕೇಳುವ 'ಈಗ ಏಕೆ?' ಎಂಬ ಪ್ರಶ್ನೆಗೆ ಅವರ ಬಳಿ ಎರಡು ವಾಕ್ಯದ ಉತ್ತರವಿತ್ತು. ಮಂಜುನಾಥ್ ಅವರ ಬಳಿ ಆಗ ಇದ್ದ ನಿಜವಾದ ಉತ್ತರ ಒಂದೇ: ಆ ಹುಡುಗ. ಎದುರು ಕೂತ ಪ್ರೊಫೆಸರುಗಳಿಗೆ ಅದು ಕಾಣದೇ ಇರುವುದಿಲ್ಲ.

ಸಲಹೆಯಲ್ಲಿ ಅರ್ಧ ನಡೆಯಿತು, ಅರ್ಧ ನಡೆಯಲಿಲ್ಲ. ಫೈನಾನ್ಸ್ ಮ್ಯಾನೇಜರ್ ಖುಷಿಯಿಂದ ಒಪ್ಪಿದರು. ಪ್ರೊಡಕ್ಷನ್ ಕಡೆಯಿಂದ ಇದನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲವಂತೆ. ಈಗ ಇವರ ವಿಭಾಗದ ತಿಂಗಳ ವರದಿಯಲ್ಲಿ ರಿಜೆಕ್ಷನ್ ಪಕ್ಕ ರೂಪಾಯಿಯ ಕಾಲಮ್ಮೂ ಇರುತ್ತದೆ. ನಿದ್ದೆ ಬಹುಪಾಲು ಸರಿಹೋಯಿತು. ಓದುವ ಹಸಿವು ಮಾತ್ರ ಇಂಗಲಿಲ್ಲ, ಹೊಸ ಪುಸ್ತಕ ಕೊಂಡು ಜಿಮ್ಯಾಟ್ ತಯಾರಿ ನಡೆಸಿದ್ದಾರೆ. ಶಿಫಾರಸು ಪತ್ರಕ್ಕೆ ಮಾತ್ರ ಆ ಹುಡುಗನ ಹತ್ತಿರ ಹೋಗಲು ಒಪ್ಪಲಿಲ್ಲ. ನಿವೃತ್ತರಾದ ಹಳೆಯ ಪ್ಲಾಂಟ್ ಹೆಡ್ ಬರೆದುಕೊಡುತ್ತಾರಂತೆ. ಅದು ತಪ್ಪು ಆಯ್ಕೆ ಎಂದೇ ನಾನು ಈಗಲೂ ಹೇಳುತ್ತೇನೆ, ಅವರು ನಕ್ಕು ಮಾತು ಬದಲಿಸುತ್ತಾರೆ.

ಮೊನ್ನೆ ಅವರ ಹೆಂಡತಿ ಫೋನ್ ಮಾಡಿದ್ದರು. 'ಫುಲ್‌ಟೈಮ್ ಆಗಿದ್ರೆ ಒಂದೇ ವರ್ಷದ ಕಷ್ಟ ಇರ್ತಿತ್ತು ಮೇಡಂ. ಈಗ ಎರಡು ವರ್ಷ ಶನಿವಾರ, ಭಾನುವಾರ ಎಲ್ಲ ಹೋಗುತ್ತೆ. ಮಗಳು ಹತ್ತನೇ ಕ್ಲಾಸು, ಗಣಿತ ಅವರೇ ಹೇಳಿಕೊಡಬೇಕು.' ಅವರ ಮಾತು ನ್ಯಾಯವೇ. ನನ್ನ ಸಲಹೆಯ ಖರ್ಚು ಬಿದ್ದಿರುವುದು ಅವರ ಮೇಲೆ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಶುರುವಾಗುವ ಬ್ಯಾಚಿಗೆ ಅರ್ಜಿ ಹಾಕಲಿ, ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ ಗಣಿತ ಅವರದೇ ಎಂದೆ. ಅವರಿಗೆ ನೀವೇ ಹೇಳಿ ಎಂದು ಫೋನನ್ನು ಗಂಡನ ಕೈಗೆ ಕೊಟ್ಟರು.