ಸಲಾಡ್ ಡ್ರೆಸ್ಸಿಂಗ್‌ನ ಒಣ ಮಿಶ್ರಣ: ಮೊದಲು ನೀರು, ಆಮೇಲೆ ಹುಳಿ, ಕೊನೆಗೆ ಎಣ್ಣೆ

ನಿಮ್ಮ ಪ್ರಶ್ನೆಯಲ್ಲಿ ಒಂದಲ್ಲ, ಮೂರು ದೂರುಗಳಿವೆ. ಮನೆಯ ಡಬ್ಬಗಳಲ್ಲಿದ್ದ ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಒಣಗಿದ ಎಲೆಗಳು, ಕಾಳುಮೆಣಸು, ಉಪ್ಪು, ಸಕ್ಕರೆ ಎಲ್ಲವನ್ನೂ ಬೆರೆಸಿ ಒಂದು ಸೀಸೆ ತುಂಬಿಟ್ಟಿದ್ದೀರಿ. ಬೇಕೆನಿಸಿದಾಗ ಒಂದು ಚಮಚ ತೆಗೆದು ಎಣ್ಣೆ, ವಿನೆಗರ್‌ಗೆ ಹಾಕಿ ಕುಲುಕಿದರೆ ಬೆಳ್ಳುಳ್ಳಿಯ ಸುಳಿವೇ ಇಲ್ಲ. ಪುಡಿ ಹೋಗಿ ತಳ ಸೇರುತ್ತದೆ. ಒಂದು ದಿನ ಸಪ್ಪೆ, ಇನ್ನೊಂದು ದಿನ ಬಾಯಿಗಿಡಲಾಗದಷ್ಟು ಉಪ್ಪು. ಅಂಗಡಿಯ ಪ್ಯಾಕೆಟ್‌ನಲ್ಲಿ ಕಾಣದ ಈ ತೊಂದರೆ ಮನೆಯ ಮಿಶ್ರಣಕ್ಕೆ ಮಾತ್ರ ಏಕೆ, ಸರಿಯಾದ ಅಳತೆ ಯಾವುದು, ಎಷ್ಟು ಕಾಲ ಇಡಬಹುದು ಎಂದು ಕೇಳಿದ್ದೀರಿ.

ಅಳತೆಯನ್ನು ಕೆಳಗೆ ಕೊಡುತ್ತೇನೆ. ಆದರೆ ನಿಮ್ಮ ಪಟ್ಟಿಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇಲ್ಲ. ಎಡವಟ್ಟಾಗಿರುವುದು ಕಲಸುವ ಕ್ರಮದಲ್ಲಿ. ಒಣ ಪುಡಿಯನ್ನು ನೇರವಾಗಿ ಎಣ್ಣೆಗೂ ಹಾಕಬಾರದು, ನೇರವಾಗಿ ವಿನೆಗರ್‌ಗೂ ಹಾಕಬಾರದು. ಮೊದಲು ಅದಕ್ಕೆ ಬೇಕಾಗಿರುವುದು ಒಂದಿಷ್ಟು ತಣ್ಣೀರು ಮತ್ತು ಹತ್ತು ನಿಮಿಷದ ಬಿಡುವು.

ಕಾರಣ ಬೆಳ್ಳುಳ್ಳಿಯೊಳಗೇ ಇದೆ. ಇಡಿಯಾದ ಬೆಳ್ಳುಳ್ಳಿ ಎಸಳನ್ನು ಮೂಗಿನ ಹತ್ತಿರ ಹಿಡಿದರೆ ಅಂಥ ವಾಸನೆ ಬರುವುದಿಲ್ಲ. ಜಜ್ಜಿದ ಮರುಕ್ಷಣ ಮನೆಯೆಲ್ಲ ತುಂಬುತ್ತದೆ. ಎಸಳಿನಲ್ಲಿ ಅಲಿಯಿನ್ ಎಂಬ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಘಾಟಿನ ಆಲಿಸಿನ್ ಹುಟ್ಟುತ್ತದೆ. ಬೆಳ್ಳುಳ್ಳಿಯನ್ನು ಹದವಾದ ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿದ್ದರೆ ಆ ಕಿಣ್ವ ಸಾಯುವುದಿಲ್ಲ, ನೀರಿಲ್ಲದೆ ಸುಮ್ಮನಿರುತ್ತದೆ. ನೀರು ತಗುಲಿದಾಗ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಎಣ್ಣೆಯಲ್ಲಿ ನೀರಿಲ್ಲ, ಹಾಗಾಗಿ ಅಲ್ಲಿ ಪುಡಿ ಪುಡಿಯಾಗಿಯೇ ಉಳಿಯುತ್ತದೆ. ವಿನೆಗರ್‌ನಲ್ಲಿ ನೀರು ಧಾರಾಳವಾಗಿದೆ ನಿಜ, ಆದರೆ ಅದರ ಹುಳಿ ಈ ಕಿಣ್ವದ ಕೈ ಕಟ್ಟಿಹಾಕುತ್ತದೆ. ನೀವು ಎರಡನ್ನೂ ಒಟ್ಟಿಗೆ ಸುರಿದಿರಿ; ಬೆಳ್ಳುಳ್ಳಿಗೆ ಬಾಯಿ ಬಿಡಲು ಅವಕಾಶವೇ ಸಿಗಲಿಲ್ಲ.

ಇದನ್ನು ಒಮ್ಮೆ ಪರೀಕ್ಷಿಸಿ ನೋಡಿ, ಖರ್ಚೇನೂ ಇಲ್ಲ. ಎರಡು ಪುಟ್ಟ ಬಟ್ಟಲುಗಳಲ್ಲಿ ಕಾಲು ಟೀ ಚಮಚದಂತೆ ಬೆಳ್ಳುಳ್ಳಿ ಪುಡಿ ಹಾಕಿ. ಒಂದಕ್ಕೆ ಒಂದು ಚಮಚ ತಣ್ಣೀರು, ಇನ್ನೊಂದಕ್ಕೆ ಅಷ್ಟೇ ವಿನೆಗರ್. ಹತ್ತು ನಿಮಿಷ ಬಿಟ್ಟು, ನೀರಿನ ಬಟ್ಟಲಿಗೂ ಒಂದು ಚಮಚ ವಿನೆಗರ್, ವಿನೆಗರ್ ಬಟ್ಟಲಿಗೂ ಒಂದು ಚಮಚ ನೀರು ಸೇರಿಸಿ. ಈಗ ಎರಡರಲ್ಲಿಯೂ ಇರುವುದು ಅದೇ ಪದಾರ್ಥ, ಅದೇ ಪ್ರಮಾಣ. ಪುಡಿ ಚೆನ್ನಾಗಿದ್ದರೆ ರುಚಿ ನೋಡಿದಾಗ ವ್ಯತ್ಯಾಸ ನಾಲಗೆಗೆ ತಾನಾಗಿ ತಿಳಿಯುತ್ತದೆ. ಎರಡೂ ಒಂದೇ ಥರ ಮಂಕಾಗಿದ್ದರೆ ಪುಡಿ ಹಳೆಯದು, ಅಥವಾ ಒಣಗಿಸುವಾಗ ಬಿಸಿ ಹೆಚ್ಚಾಗಿದೆ ಎಂದು ತಿಳಿಯಿರಿ. ಅಂಥ ಪುಡಿಯಿಂದ ಯಾವ ಪಾಕವಿಧಾನವೂ ನಿಮ್ಮನ್ನು ಕಾಪಾಡದು.

ಸಾಸಿವೆ ಪುಡಿಯದೂ ಇದೇ ಕಥೆ. ಅದರ ಕಿಣ್ವದ ಹೆಸರು ಮೈರೊಸಿನೇಸ್. ತಣ್ಣೀರಿನಲ್ಲಿ ಕಲಸಿಟ್ಟರೆ ಹತ್ತು ಹದಿನೈದು ನಿಮಿಷದಲ್ಲಿ ಮೂಗಿಗೆ ಏರುವ ಖಾರ ಬರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆ ಏರಿದ ಹೊತ್ತಿನಲ್ಲಿ ವಿನೆಗರ್ ಸೇರಿಸಿದರೆ ಖಾರ ಅಲ್ಲೇ ನಿಲ್ಲುತ್ತದೆ. ಬೇಗ ಆಗಲಿ ಎಂದು ಕುದಿಯುವ ನೀರು ಹಾಕಲು ಹೋಗಬೇಡಿ, ಕಿಣ್ವ ಸತ್ತು ಬರೀ ಕಹಿ ಉಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಸಾಸಿವೆ ಇರಲಿಲ್ಲ. ಖಾರಕ್ಕೆ ಬೇಡವೆಂದರೂ ಒಂದು ಚಿಟಿಕೆ ಹಾಕಿ ಎನ್ನುತ್ತೇನೆ. ಸಾಸಿವೆ ಕಾಳಿನ ಸಿಪ್ಪೆಯಲ್ಲಿರುವ ಲೋಳೆಯಂಥ ಅಂಶ ಎಣ್ಣೆಯ ಹನಿಗಳನ್ನೂ ವಿನೆಗರ್ ಅನ್ನೂ ಸ್ವಲ್ಪ ಹೊತ್ತಾದರೂ ಒಟ್ಟಿಗೆ ಹಿಡಿದಿಡುತ್ತದೆ. ಹಾಗಾಗಿ ಸಿಪ್ಪೆಸಹಿತ ಅರೆದ ಪುಡಿ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಉಪ್ಪಿನ ವಿಚಾರ. ಮೊದಲ ದಿನ ಸಪ್ಪೆ, ಸೀಸೆ ಮುಗಿಯುತ್ತ ಬಂದಂತೆ ಉಪ್ಪು ಹೆಚ್ಚು ಎಂದು ಬರೆದಿದ್ದೀರಲ್ಲ, ಅದು ನಿಮ್ಮ ಭ್ರಮೆಯಲ್ಲ. ನುಣುಪು ಉಪ್ಪನ್ನೂ ಒಣಗಿದ ಒರೆಗಾನೊ ಎಲೆಯ ಚೂರುಗಳನ್ನೂ ಒಂದೇ ಸೀಸೆಗೆ ಹಾಕಿ ಕುಲುಕಿದರೆ, ದಪ್ಪ ಚೂರುಗಳ ನಡುವಿನ ಸಂದುಗಳಲ್ಲಿ ಸಣ್ಣ ಕಣಗಳು ಜಾರಿ ಕೆಳಗಿಳಿಯುತ್ತವೆ, ದೊಡ್ಡವು ಮೇಲೆ ಬರುತ್ತವೆ. ಬೆರೆಯಲಿ ಎಂದು ನೀವು ಕುಲುಕಿದಷ್ಟೂ ಅವು ಬೇರ್ಪಡುತ್ತವೆ. ಗಾಜಿನ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ: ತಳದಲ್ಲಿ ಬಿಳಿಯ ಪದರ, ಅದರ ಮೇಲೆ ತಿಳಿ ಹಳದಿ, ತುದಿಯಲ್ಲಿ ಹಸಿರು ಚೂರು. ಮೊದಲ ವಾರ ನೀವು ತಿಂದದ್ದು ತುದಿಯ ಎಲೆ, ಕೊನೆಯ ವಾರ ತಳದ ಉಪ್ಪು.

ಇದಕ್ಕೆ ಎರಡು ದಾರಿಗಳಿವೆ. ಎಲ್ಲವನ್ನೂ ಒಂದೇ ನುಣುಪಿಗೆ ಅರೆಯುವುದು ಒಂದು. ಅರೆದರೆ ಎಲೆಗಳ ಪರಿಮಳ ಬೇಗ ಹಾರಿಹೋಗುತ್ತದೆ, ಡ್ರೆಸ್ಸಿಂಗ್ ಕೂಡ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ನನಗೆ ಅದು ಹಿಡಿಸದು. ಎರಡನೆಯದು, ಉಪ್ಪನ್ನು ಮಿಶ್ರಣದಿಂದ ಹೊರಗಿಡುವುದು. ಉಪ್ಪು ಯಾವ ಮನೆಯಲ್ಲಿ ಇಲ್ಲ? ಅದನ್ನು ಸೀಸೆಯಲ್ಲಿ ಕೂಡಿಡಬೇಕಾದ ಅಗತ್ಯವೇ ಇಲ್ಲ. ಕಲಸುವ ದಿನ ಹಾಕಿದರೆ ಸಾಕು, ಉಪ್ಪು ಕಡಿಮೆ ತಿನ್ನಬೇಕಾದವರಿಗೂ ಅನುಕೂಲ. ಅಂಗಡಿಯವರು ಪ್ಯಾಕೆಟ್‌ಗೆ ಉಪ್ಪು ಸೇರಿಸಿದರೂ ನಡೆಯುತ್ತದೆ. ಒಂದು ಪ್ಯಾಕೆಟ್ ಅನ್ನು ಒಂದೇ ಸಲಕ್ಕೆ ಪೂರ್ತಿ ಸುರಿಯುವುದರಿಂದ ಒಳಗೆ ಏನು ಮೇಲಿದ್ದರೇನು, ಏನು ಕೆಳಗಿದ್ದರೇನು?

ಈಗ ಅಳತೆ. ಟೀ ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ. ಈರುಳ್ಳಿ ಪುಡಿ ಮತ್ತು ಒಣ ಒರೆಗಾನೊ ತಲಾ ಒಂದು ದೊಡ್ಡ ಚಮಚ. ಬೆಳ್ಳುಳ್ಳಿ ಪುಡಿ, ಸಾಸಿವೆ ಪುಡಿ, ಒಣ ಬೇಸಿಲ್, ಸಕ್ಕರೆ ತಲಾ ಎರಡು ಟೀ ಚಮಚ. ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ. ಒಣಮೆಣಸಿನ ಚೂರು ಅರ್ಧ ಟೀ ಚಮಚ, ಅದೂ ಬೇಕಿದ್ದರೆ. ಒಟ್ಟು ಸುಮಾರು ಐದು ದೊಡ್ಡ ಚಮಚ ಮಿಶ್ರಣವಾಗುತ್ತದೆ, ಏಳೆಂಟು ಸಲಕ್ಕೆ ಬರುತ್ತದೆ. ಬೇಸಿಲ್ ಇಲ್ಲದಿದ್ದರೆ ಪಾರ್ಸ್ಲಿ ಅಥವಾ ಒಣ ಸಬ್ಬಸಿಗೆ ಹಾಕಿ. ಥೈಮ್ ಹಾಕುವುದಾದರೆ ಕೈ ಬಿಗಿಹಿಡಿಯಿರಿ, ಕಾಲು ಚಮಚಕ್ಕಿಂತ ಹೆಚ್ಚಾದರೆ ಉಳಿದದ್ದೆಲ್ಲವನ್ನೂ ನುಂಗಿಹಾಕುತ್ತದೆ. ಒಣ ಎಲೆಯ ಬದಲು ಹಸಿ ಎಲೆ ಬಳಸುವ ಮನಸ್ಸಾದರೆ ಒಂದಕ್ಕೆ ಮೂರರ ಲೆಕ್ಕ, ಆದರೆ ಅದನ್ನು ಕಲಸುವ ದಿನವೇ ಹಾಕಬೇಕು, ಸೀಸೆಗಲ್ಲ.

ಕಲಸುವಾಗ ಎರಡು ಟೀ ಚಮಚ ಮಿಶ್ರಣವನ್ನು ಅಂಗೈಯಲ್ಲಿ ಒಮ್ಮೆ ತಿಕ್ಕಿ ಬಟ್ಟಲಿಗೆ ಹಾಕಿ. ಎಲೆಗಳು ಮುರಿದು ಪರಿಮಳ ಬಿಡುತ್ತವೆ. ಒಂದು ದೊಡ್ಡ ಚಮಚ ತಣ್ಣೀರು ಹಾಕಿ ಕಲಸಿ, ತರಕಾರಿ ಹೆಚ್ಚಲು ಹೋಗಿ. ಹೆಚ್ಚಿ ಮುಗಿಯುವಷ್ಟರಲ್ಲಿ ಅದು ಒದ್ದೆ ಮಣ್ಣಿನಂತೆ ಉಬ್ಬಿ ಕುಳಿತಿರುತ್ತದೆ. ಆಗ ಎರಡು ದೊಡ್ಡ ಚಮಚ ವಿನೆಗರ್ ಮತ್ತು ಅರ್ಧ ಟೀ ಚಮಚ ಉಪ್ಪು ಹಾಕಿ, ಉಪ್ಪು ಪೂರ್ತಿ ಕರಗುವ ತನಕ ಕದಡಿ. ಈ ಹಂತವನ್ನು ಹಾರಿಸಬೇಡಿ. ಉಪ್ಪಾಗಲಿ ಸಕ್ಕರೆಯಾಗಲಿ ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆ ಬಿದ್ದ ಮೇಲೆ ಎಷ್ಟು ಕಲಕಿದರೂ ಹಲ್ಲಿಗೆ ಹರಳು ಸಿಗುತ್ತಲೇ ಇರುತ್ತದೆ. ಕೊನೆಗೆ ಆರು ದೊಡ್ಡ ಚಮಚ ಎಣ್ಣೆ, ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕಲಕಬೇಕು, ಇಲ್ಲವೇ ಮುಚ್ಚಳ ಬಿಗಿದ ಸೀಸೆಯಲ್ಲಿ ಜೋರಾಗಿ ಕುಲುಕಬೇಕು. ಎಣ್ಣೆ ಮೂರು ಪಾಲು, ವಿನೆಗರ್ ಒಂದು ಪಾಲು ಎನ್ನುವುದು ಹಳೆಯ ಲೆಕ್ಕ. ಹುಳಿ ಇಷ್ಟಪಡುವವರು ಎರಡಕ್ಕೆ ಒಂದು ಮಾಡಿಕೊಳ್ಳಿ, ನನಗೂ ಅದೇ ಸೇರುತ್ತದೆ. ಆಲಿವ್ ಎಣ್ಣೆಯಾದರೆ ಮಿಕ್ಸಿಗೆ ಹಾಕಬೇಡಿ, ಒಳ್ಳೆಯ ಆಲಿವ್ ಎಣ್ಣೆ ಜೋರಾಗಿ ತಿರುಗಿಸಿದರೆ ಕಹಿಯಾಗುತ್ತದೆ.

ಇಷ್ಟು ಮಾಡಿದರೂ ಅರ್ಧ ಗಂಟೆಯಲ್ಲಿ ಎಣ್ಣೆ ಮೇಲೆ ಬಂದು ನಿಲ್ಲುತ್ತದೆ. ನಿಲ್ಲಲಿ ಬಿಡಿ, ಬಡಿಸುವ ಮುನ್ನ ಮತ್ತೊಮ್ಮೆ ಕುಲುಕಿದರಾಯಿತು. ಅಂಗಡಿಯದ್ದು ಬೇರ್ಪಡದೆ ಇರುವುದಕ್ಕೆ ಹೆಚ್ಚಾಗಿ ಕಾರಣ ಅದರಲ್ಲಿರುವ ಕ್ಸಾಂಥನ್ ಅಂಟು. ಅದು ನಿಮ್ಮಲ್ಲಿದ್ದರೆ ಇಡೀ ಸಲದ ಡ್ರೆಸ್ಸಿಂಗ್‌ಗೆ ಒಂದೇ ಒಂದು ಚಿಕ್ಕ ಚಿಟಿಕೆ ಸಾಕು, ಹೆಚ್ಚಾದರೆ ಲೋಳೆಯಾಗುತ್ತದೆ. ಇಲ್ಲದಿದ್ದರೆ ಹುಡುಕಿಕೊಂಡು ಹೋಗುವಂಥದ್ದೇನಲ್ಲ.

ಕೆನೆಯಂಥ ಬಿಳಿ ಡ್ರೆಸ್ಸಿಂಗ್ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಟೀವ್ ಹೆನ್ಸನ್ ಎಂಬವರು 1954ರಲ್ಲಿ ಕೊಂಡ ಹಿಡನ್ ವ್ಯಾಲಿ ರ‍್ಯಾಂಚ್‌ನಿಂದ ಹೆಸರು ಮಾಡಿದ ‘ರ‍್ಯಾಂಚ್’ ಡ್ರೆಸ್ಸಿಂಗ್ ಅದು. ಅವರು ಅಂಚೆಯಲ್ಲಿ ಕಳಿಸುತ್ತಿದ್ದುದು ಒಣ ಪುಡಿಯ ಪ್ಯಾಕೆಟ್ ಅನ್ನೇ. ಮಜ್ಜಿಗೆ, ಮೇಯನೇಸ್ ಸೇರಿಸುವುದು ಕೊಂಡವರ ಕೆಲಸ. 1972ರಲ್ಲಿ ಆ ಹೆಸರನ್ನು ಕ್ಲೋರಾಕ್ಸ್ ಕಂಪನಿ ಕೊಂಡುಕೊಂಡಿತು. ಮನೆಯಲ್ಲಿ ಮಾಡಲು ಮೇಲಿನ ಮಿಶ್ರಣದಿಂದ ಒರೆಗಾನೊ, ಬೇಸಿಲ್ ಬಿಟ್ಟು, ಆ ಜಾಗದಲ್ಲಿ ಒಣ ಸಬ್ಬಸಿಗೆ ಮತ್ತು ಪಾರ್ಸ್ಲಿ ಹಾಕಿ. ಒಂದು ದೊಡ್ಡ ಚಮಚ ಪುಡಿಯನ್ನು ಇಲ್ಲಿಯೂ ಮೊದಲು ನೀರಿನಲ್ಲಿ ನೆನೆಸಿ, ಗಟ್ಟಿ ಮೊಸರು ಮತ್ತು ಮೇಯನೇಸ್ ಸಮಸಮ ಸೇರಿ ಒಂದು ಲೋಟ ಆಗುವಷ್ಟಕ್ಕೆ ಬೆರೆಸಿ, ರುಚಿಗೆ ಉಪ್ಪು ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹಾಲಿನ ಪುಡಿಯನ್ನು ಮಿಶ್ರಣದಲ್ಲೇ ಸೇರಿಸಿಡುವವರು ಕೆನೆ ತೆಗೆದ ಹಾಲಿನ ಪುಡಿ ಆರಿಸಿಕೊಳ್ಳಬೇಕು. ಕೊಬ್ಬಿರುವ ಪುಡಿ ಕೆಲವು ತಿಂಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ.

ಇಡುವ ಬಗ್ಗೆ: ಬಿಸಿಲು, ಒಲೆಯ ಶಾಖ, ಒದ್ದೆ ಚಮಚ ಈ ಮೂರರಿಂದ ದೂರವಿದ್ದರೆ ಒಣ ಮಿಶ್ರಣ ಆರು ತಿಂಗಳು ಪರಿಮಳವಾಗಿಯೇ ಇರುತ್ತದೆ. ಅದರ ನಂತರ ಕೆಡುವುದಿಲ್ಲ, ಮಂಕಾಗುತ್ತದೆ. ಬೆಳ್ಳುಳ್ಳಿ ಮತ್ತು ಈರುಳ್ಳಿ ಪುಡಿಗಳು ಗಾಳಿಯ ತೇವ ಹೀರಿ ಗಂಟು ಕಟ್ಟುವುದರಲ್ಲಿ ನಿಸ್ಸೀಮರು. ಪ್ಯಾಕೆಟ್‌ನವರು ಅದಕ್ಕೆಂದೇ ಸಿಲಿಕಾನ್ ಡೈಆಕ್ಸೈಡ್ ಸೇರಿಸುತ್ತಾರೆ, ನೀವು ಸೀಸೆಯ ತಳಕ್ಕೆ ಹತ್ತಿಪ್ಪತ್ತು ಒಣ ಅಕ್ಕಿಕಾಳು ಹಾಕಿದರೆ ಸಾಕು. ಉರಿಯುವ ಒಲೆಯ ಮೇಲೆ ಆವಿ ಏಳುತ್ತಿರುವ ಪಾತ್ರೆಗೆ ಸೀಸೆಯನ್ನೇ ಬಗ್ಗಿಸಿ ಉದುರಿಸುವ ಅಭ್ಯಾಸವಿದ್ದರೆ ಯಾವ ಅಕ್ಕಿಯೂ ಉಳಿಸುವುದಿಲ್ಲ.

ಕಲಸಿದ ಎಣ್ಣೆ-ವಿನೆಗರ್ ಡ್ರೆಸ್ಸಿಂಗ್ ಫ್ರಿಜ್‌ನಲ್ಲಿ ಒಂದು ವಾರ ಚೆನ್ನಾಗಿರುತ್ತದೆ. ಆಲಿವ್ ಎಣ್ಣೆ ಅಲ್ಲಿ ಹೆಪ್ಪುಗಟ್ಟಿದರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಹೊರಗಿಡಿ. ಮೊಸರಿನದ್ದಾದರೆ ನಾಲ್ಕು ದಿನದೊಳಗೆ ಮುಗಿಸಿ. ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಪುಡಿ ಮುಗಿದಿದೆ ಎಂದು ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡಬೇಡಿ. ಗಾಳಿಯಾಡದ, ಹುಳಿಯಿಲ್ಲದ, ತೇವವಿರುವ ಅಂಥ ಜಾಗದಲ್ಲೇ ಬಾಟುಲಿಸಮ್ ಎಂಬ ಪ್ರಾಣಾಂತಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದು. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.6ಕ್ಕಿಂತ ಕೆಳಗಿರುವ ಹುಳಿಯಲ್ಲಿ ಅದು ಬೆಳೆಯಲಾರದು, ಆದರೆ ಬರೀ ಎಣ್ಣೆಯಲ್ಲಿ ಹುಳಿ ಎಲ್ಲಿಂದ ಬರಬೇಕು? ವಾಸನೆ, ರುಚಿಯಿಂದ ಅದನ್ನು ಪತ್ತೆ ಹಚ್ಚಲೂ ಆಗುವುದಿಲ್ಲ. ಹಸಿ ಬೆಳ್ಳುಳ್ಳಿ ಬಳಸಿದ್ದನ್ನು ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಖರ್ಚು ಮಾಡಿ.

ಈಗಾಗಲೇ ತುಂಬಿಟ್ಟಿರುವ ಸೀಸೆಯನ್ನು ಚೆಲ್ಲುವುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಅದನ್ನು ಒಂದು ಅಗಲ ತಟ್ಟೆಗೆ ಸುರಿದು ಜರಡಿ ಹಿಡಿಯಿರಿ. ಮೇಲೆ ನಿಂತ ಎಲೆ ಚೂರುಗಳಿಗೆ ಮೇಲಿನ ಅಳತೆಯ ಉಳಿದ ಪುಡಿಗಳನ್ನು ಸೇರಿಸಿದರೆ ಹೊಸ ಮಿಶ್ರಣ ಸಿದ್ಧ. ಕೆಳಗೆ ಬಿದ್ದ ಉಪ್ಪು, ಬೆಳ್ಳುಳ್ಳಿ, ಈರುಳ್ಳಿಯ ಪುಡಿಯನ್ನು ಬೇರೆ ಡಬ್ಬಕ್ಕೆ ಹಾಕಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು ತಿನ್ನಿ.