ಸಮವಸ್ತ್ರಕ್ಕೆ ರಿಯಾಯಿತಿ ಇಲ್ಲ

ಟೆಕ್ಸಾಸ್‌ನ ಓದುಗರೊಬ್ಬರು ಬರೆದಿದ್ದಾರೆ: ‘ಅಣ್ಣನ ಮಗ ಅಮೆರಿಕದ ನೌಕಾಪಡೆಯಲ್ಲಿದ್ದಾನೆ. ಸುಮ್ನೆ ಒಂದೆರಡು ಸಿನಿಮಾದ ಕಳ್ಳ ಪ್ರತಿ ಡೌನ್‌ಲೋಡ್ ಮಾಡಿದ್ದಕ್ಕೆ ಮೇಲಧಿಕಾರಿ ಕರೆದು ಗದರಿದರಂತೆ. ದೇಶಕ್ಕೆ ಪ್ರಾಣ ಕೊಡಲು ನಿಂತವರಿಗೆ ಇಷ್ಟೂ ವಿನಾಯಿತಿ ಬೇಡವೇ?’

ನಿಮ್ಮ ಪ್ರೀತಿ ಅರ್ಥವಾಗುತ್ತದೆ. ತಿಂಗಳುಗಟ್ಟಲೆ ಹಡಗಿನಲ್ಲಿರುವ ಹುಡುಗನಿಗೆ ಬೇಸರ ಕಳೆಯುವುದು ಕಷ್ಟ, ಒಪ್ಪಿದೆ. ಆದರೆ ಗದರಿಕೆಯಲ್ಲೇ ಮುಗಿದಿದ್ದರೆ ಅವನ ಅದೃಷ್ಟ ಚೆನ್ನಾಗಿದೆ. 2002ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಸುಮಾರು ನೂರು ವಿದ್ಯಾರ್ಥಿಗಳ ಕಂಪ್ಯೂಟರ್‌ಗಳನ್ನು ಇದೇ ಕಾರಣಕ್ಕೆ ಹೊತ್ತೊಯ್ದಿದ್ದರು. ಮರುವರ್ಷ 85 ಮಂದಿಗೆ ಶಿಸ್ತುಕ್ರಮವಾಯಿತು. ಕೃತಿಯ ಒಡೆಯರು ಕೋರ್ಟಿಗೆ ಹೋದರೆ ಒಂದೊಂದು ಕೃತಿಗೆ ಸಾಮಾನ್ಯವಾಗಿ 750ರಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ ಒಂದೂವರೆ ಲಕ್ಷದವರೆಗೂ ಪರಿಹಾರ ಕೇಳಬಹುದು. ಸೇನೆಯ ನೆಟ್‌ವರ್ಕ್‌ನಲ್ಲೇ ಇಳಿಸಿದ್ದರೆ ಆಜ್ಞೆ ಮೀರಿದ ಆರೋಪ ಬೇರೆ.

ನೀವು ಸೈನಿಕನ ಪರ ಕೇಳಿದ್ದೀರಿ, ಅಲ್ವಾ? ನಾನೂ ಒಬ್ಬ ಸೈನಿಕನ ಪರವಾಗಿಯೇ ಹೇಳುತ್ತೇನೆ. ಫ್ರಾಂಕ್ ಗೇಲಾರ್ಡ್ ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು, ಆಮೇಲೆ ಶಿಲ್ಪಿಯಾದರು. ವಾಷಿಂಗ್ಟನ್‌ನ ಕೊರಿಯಾ ಯುದ್ಧ ಸ್ಮಾರಕದಲ್ಲಿ ಗಸ್ತು ಹೊರಟಿರುವ ಆ 19 ಸೈನಿಕರು ಅವರ ಕೈಕೆಲಸ. ಹಿಮ ಬಿದ್ದ ದಿನ ಅದರ ಫೋಟೊ ತೆಗೆದವರಿಗೆ ಅಂಚೆ ಇಲಾಖೆ 1,500 ಡಾಲರ್ ಕೊಟ್ಟು 37 ಸೆಂಟ್‌ನ ಅಂಚೆಚೀಟಿ ಮಾಡಿತು. ಶಿಲ್ಪಿಯನ್ನು ಒಂದು ಮಾತೂ ಕೇಳಲಿಲ್ಲ! ಮುದುಕ 2006ರಲ್ಲಿ ಸರ್ಕಾರದ ಮೇಲೇ ಕೇಸು ಹಾಕಿದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಆಗ ಕೈಗಿಟ್ಟ ಪರಿಹಾರ ಬರೀ 5,000 ಡಾಲರ್. ಬಿಡಲಿಲ್ಲ. 2013ರಲ್ಲಿ 6.84 ಲಕ್ಷ ಡಾಲರ್ ಕೊಡಬೇಕೆಂದು ಆದೇಶವಾಯಿತು.

ದೊಡ್ಡವರ ನಕಲು ನೋಡಿದರೆ ಮೈ ಉರಿಯುತ್ತದೆ. ಅಮೆರಿಕದ ಸೇನೆ ಒಂದು ಕಂಪನಿಯ ಸಾಫ್ಟ್‌ವೇರನ್ನು ಲೈಸೆನ್ಸ್ ಮೀರಿ ಸಾವಿರಾರು ಯಂತ್ರಗಳಿಗೆ ಹಾಕಿಕೊಂಡು, ಸಿಕ್ಕಿಬಿದ್ದು, 2013ರಲ್ಲಿ 5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ನಿಮ್ಮ ಹುಡುಗನನ್ನು ಗದರಿದ ಅಧಿಕಾರಿಗೆ ಇದು ಗೊತ್ತಿರಲಿ.

ನಮ್ಮಲ್ಲೇನು ಕಡಿಮೆಯೇ? 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ ಅಂತ ಬರೆದಿದೆ. ಅಷ್ಟಿದ್ದೂ ಕಾದಂಬರಿ ಬಿಡುಗಡೆಯಾದ ವಾರಕ್ಕೇ ‘ಪಿಡಿಎಫ್ ಇದ್ರೆ ಕಳ್ಸಿ’ ಅನ್ನುವವರೇ ಜಾಸ್ತಿ. ಅದೇ ಜನ ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ ಸಿಕ್ಕಾಗ, ಕನ್ನಡ ಪುಸ್ತಕ ಯಾರೂ ಕೊಳ್ಳುವುದಿಲ್ಲ ಸಾರ್, ಅಂತ ನಮ್ಮ ಹತ್ತಿರವೇ ಗೋಳಾಡುತ್ತಾರೆ.