ಪ್ರೋಗ್ರಾಮಿಂಗ್ ಬಾರದವರು ಮಕ್ಕಳ ರೋಬೋಟಿಕ್ಸ್ ತಂಡಕ್ಕೆ ಮೆಂಟರ್ ಆಗಬಹುದೇ?

ನೀವು ಕೇಳಿದ್ದು ಇಷ್ಟು: ನೀವು ಉಡುಪಿಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೀರಿ. ಮಗಳ ಶಾಲೆಯಲ್ಲಿ ರೋಬೋಟಿಕ್ಸ್ ತಂಡ ಶುರುವಾಗುತ್ತಿದೆ, ಮೆಂಟರ್ ಆಗಿ ಬನ್ನಿ ಎಂದು ಕರೆದಿದ್ದಾರೆ. ನಿಮಗೆ ಪ್ರೋಗ್ರಾಮಿಂಗ್ ಬರುವುದಿಲ್ಲ. ಒಪ್ಪಿಕೊಳ್ಳಬೇಕಾ, ಬೇಡವಾ?

ಒಪ್ಪಿಕೊಳ್ಳಿ. ಪ್ರೋಗ್ರಾಮಿಂಗ್ ಚೆನ್ನಾಗಿ ಬರುವವರಿಗೇ ಈ ಕೆಲಸ ಜಾಸ್ತಿ ಕಷ್ಟ. ಅದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳುತ್ತೇನೆ.

ನಾನು ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಆರು ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಸುರತ್ಕಲ್ ಕಡೆಯ ಒಂದು ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿಗೆ, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಲ್ಯಾಬಿಗೆ, ಹೋಗುತ್ತೇನೆ. ಎರಡನೇ ವರ್ಷ ನಮ್ಮ ಮಕ್ಕಳು ಗೆರೆ ಹಿಡಿದು ಓಡುವ ರೋಬೋಟ್ ಮಾಡಿದ್ದರು. ಸ್ಪರ್ಧೆಯ ಹಿಂದಿನ ದಿನ ಸಂಜೆಯವರೆಗೂ ಅದು ಒಂದು ತಿರುವಿನಲ್ಲಿ ಗೆರೆ ಬಿಟ್ಟು ಹೊರಗೆ ಹೋಗುತ್ತಿತ್ತು. ಜೋರು ಮಳೆ. ಗೇಟಿನ ಹತ್ತಿರ ಅಪ್ಪ ಅಮ್ಮಂದಿರು ಕೊಡೆ ಹಿಡಿದು ಕಾಯುತ್ತಿದ್ದರು. ನನಗೆ ತಡೆಯಲು ಆಗಲಿಲ್ಲ. "ಕೊಡು ಇಲ್ಲಿ" ಎಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಹತ್ತು ನಿಮಿಷದಲ್ಲಿ ಕೋಡ್ ಬದಲಾಯಿಸಿದೆ. ರೋಬೋಟ್ ಸರಾಗವಾಗಿ ಓಡಿತು, ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ಖುಷಿಯಲ್ಲಿ ಮನೆಗೆ ಹೋದೆ.

ಮರುದಿನವೂ ಅದು ಚೆನ್ನಾಗಿಯೇ ಓಡಿತು. ಆಮೇಲೆ ತೀರ್ಪುಗಾರರು ನಮ್ಮ ತಂಡದ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಕೇಳಿದರು: ತಿರುವಿನಲ್ಲಿ ಇದರ ವೇಗ ಹೇಗೆ ಕಡಿಮೆಯಾಗುತ್ತದೆ? ಅವಳು ಹಗ್ಗದ ಆಚೆ ನಿಂತಿದ್ದ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸರ್ ಮಾಡಿದ್ದು" ಎಂದಳು. ಉಳಿದ ಕೋಡ್ ಪೂರ್ತಿ ಅವಳದ್ದೇ. ನಾಲ್ಕು ತಿಂಗಳ ಕೆಲಸ. ಅದರ ಬಗ್ಗೆ ಹೇಳುವ ಧೈರ್ಯವೂ ಆ ಒಂದು ಪ್ರಶ್ನೆಯ ನಂತರ ಅವಳಿಗೆ ಉಳಿಯಲಿಲ್ಲ. ಮುಂದಿನ ಎರಡು ಶನಿವಾರ ಅವಳು ಲ್ಯಾಬಿಗೆ ಬರಲಿಲ್ಲ. ಆ ಹತ್ತು ನಿಮಿಷದ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ.

ನನ್ನನ್ನು ತಿದ್ದಿದ್ದು ನಿವೃತ್ತ ಐಟಿಐ ಮಾಸ್ಟ್ರು ಒಬ್ಬರು. ನಿಮ್ಮ ಹಾಗೆ ಅವರಿಗೂ ಪ್ರೋಗ್ರಾಮಿಂಗ್ ಬರುವುದಿಲ್ಲ. ಅವರು ಆಗಾಗ ಲ್ಯಾಬಿಗೆ ಬಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಮಕ್ಕಳು ಓಡಿ ಬಂದು "ಉಂದು ತಿರ್ಗುಜಿ ಸರ್" ಎಂದರೆ, ಅಂದರೆ ಇದು ತಿರುಗುತ್ತಿಲ್ಲ ಎಂದರೆ, ಅವರು ಕೇಳುವುದು ಒಂದೇ ಪ್ರಶ್ನೆ: "ನೀನು ಎಂತ ನೋಡಿದೆ?"

ಈ ಪ್ರಶ್ನೆಯ ಬೆಲೆ ನನಗೆ ಅರ್ಥವಾಗಲು ಸಮಯ ಹಿಡಿಯಿತು. ಒಂದು ದಿನ ಒಬ್ಬ ಹುಡುಗ "ಮೋಟಾರ್ ಹಾಳಾಗಿದೆ" ಎಂದು ಬಂದ. ಮಾಸ್ಟ್ರು ಕೇಳಿದರು, ಎಂತ ನೋಡಿದೆ? ಚಕ್ರ ತಿರುಗಲಿಲ್ಲ. ಪೂರ್ತಿ ತಿರುಗಲೇ ಇಲ್ಲವಾ? ಹುಡುಗ ವಾಪಸ್ ಹೋಗಿ ಸ್ವಿಚ್ ಹಾಕಿ ನೆಲದ ಮೇಲೆ ಮಲಗಿಯೇ ನೋಡಿದ. ಸ್ವಲ್ಪ ತಿರುಗಿ ನಿಲ್ಲುತ್ತದೆ ಸರ್. ನಿಲ್ಲುವಾಗ ಬೇರೆ ಏನಾದರೂ ಆಗುತ್ತದಾ? ಮತ್ತೆ ಹೋದ. ಬೋರ್ಡಿನ ಲೈಟ್ ಆರಿ ಮತ್ತೆ ಹತ್ತುತ್ತದೆ! ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು. ಮಕ್ಕಳು ಹಾಕಿದ್ದು ಮಲ್ಟಿಮೀಟರಿಗೆ ಹಾಕುವಂಥ ಚೌಕದ 9 ವೋಲ್ಟ್ ಬ್ಯಾಟರಿ. ಮೋಟಾರ್ ಹೊರಡುವಾಗ ಕೇಳುವಷ್ಟು ಕರೆಂಟ್ ಕೊಡಲು ಅದಕ್ಕೆ ಆಗುವುದಿಲ್ಲ. ವೋಲ್ಟೇಜ್ ಕುಸಿಯುತ್ತದೆ, ರೋಬೋಟನ್ನು ನಡೆಸುವ ಆರ್ಡುಯಿನೋ ಬೋರ್ಡ್ ಆಫ್ ಆಗಿ ಮೊದಲಿನಿಂದ ಶುರುವಾಗುತ್ತದೆ. ನಾನು ಒಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ಮಕ್ಕಳಿಗೆ ಮುಕ್ಕಾಲು ಗಂಟೆ ಬೇಕಾಯಿತು. ಆದರೆ ಮುಂದಿನ ವರ್ಷ ಹೊಸ ಮಕ್ಕಳು ಅದೇ ಬ್ಯಾಟರಿ ಹಿಡಿದುಕೊಂಡು ಬಂದಾಗ, ಅದೇ ಹುಡುಗ ಅವರಿಗೆ ಉತ್ತರ ಹೇಳಲಿಲ್ಲ. "ಬೋರ್ಡಿನ ಲೈಟ್ ನೋಡು" ಎಂದ. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ ಮಾರಾಯ್ರೇ!

ನಮ್ಮೂರಿನವರಿಗೆ ಇದನ್ನು ಯಕ್ಷಗಾನದ ಚೌಕಿ, ಅಂದರೆ ವೇಷ ಹಾಕುವ ಜಾಗ, ತೋರಿಸಿ ಹೇಳುವುದು ಸುಲಭ. ಕಿರೀಟ ಬಿಗಿಯಲು, ಹಿಂದಿನ ಗಂಟು ಕಟ್ಟಲು ಪಕ್ಕದವರು ಕೈ ಕೊಡುತ್ತಾರೆ. ಆದರೆ ಮೇಳದ ಕಲಾವಿದರು ಕನ್ನಡಿ ಇಟ್ಟುಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕುತ್ತಾರೆ. ಕೋಡ್ ಆ ಬಣ್ಣದ ಹಾಗೆ.

ದೊಡ್ಡ ಸ್ಪರ್ಧೆಗಳ ನಿಯಮ ಮಾಡಿದವರಿಗೂ ಇದು ಗೊತ್ತು. 2004ರಲ್ಲಿ ಶುರುವಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡಿನಲ್ಲಿ ಮಕ್ಕಳು ಕೆಲಸ ಮಾಡುವ ಜಾಗಕ್ಕೆ ಬಂದು ಹೇಳಿಕೊಡಲು ಕೋಚ್‌ಗೆ ಬಿಡುವುದಿಲ್ಲ. ಅದರ ಮೇಲೆ, ಅಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಹೊಸ ನಿಯಮವನ್ನು ಸ್ಪರ್ಧೆಯ ದಿನವೇ ಹೇಳುವ ಪದ್ಧತಿಯೂ ಇದೆ. ನೀವು ಮನೆಯಲ್ಲಿ ಕೂತು ಮಾಡಿಕೊಟ್ಟ ಕೋಡ್ ಆಗ ಯಾವ ಉಪಯೋಗಕ್ಕೆ? ಅಮೆರಿಕದಲ್ಲಿ ಡೀನ್ ಕೇಮನ್ 1989ರಲ್ಲಿ ಕಟ್ಟಿದ ಫಸ್ಟ್ ಎಂಬ ಸಂಸ್ಥೆ 1992ರಿಂದ ಹೈಸ್ಕೂಲ್ ಮಕ್ಕಳ ರೋಬೋಟ್ ಸ್ಪರ್ಧೆ ನಡೆಸುತ್ತಿದೆ. ಅದನ್ನು ಬೆಳೆಸಿದವರಲ್ಲಿ ಎಂಐಟಿಯ ಪ್ರೊಫೆಸರ್ ವುಡಿ ಫ್ಲವರ್ಸ್ ಒಬ್ಬರು. 2019ರಲ್ಲಿ ತೀರಿಕೊಂಡರು. ಅಲ್ಲಿ ಮೆಂಟರ್‌ಗಳಿಗೆ ಅವರ ಹೆಸರಿನ ಪ್ರಶಸ್ತಿ 1996ರಿಂದ ಇದೆ. ನನಗೆ ಅದರಲ್ಲಿ ತುಂಬಾ ಇಷ್ಟವಾದದ್ದು, ಮೆಂಟರ್ ಹೆಸರನ್ನು ಕಳಿಸುವವರು ತಂಡದ ಮಕ್ಕಳೇ. ಯಾಕೆ ಈ ಪ್ರಶಸ್ತಿ ಕೊಡಬೇಕು ಎಂದು ಅವರೇ ಬರೆದು ಕಳಿಸಬೇಕು. ಎದುರಾಳಿ ತಂಡದ ನಟ್ ಬೋಲ್ಟ್ ಕಳೆದುಹೋದರೆ ನಿಮ್ಮದನ್ನು ಕೊಟ್ಟು, ಆಮೇಲೆ ಅವರೊಂದಿಗೇ ಜೋರಾಗಿ ಸ್ಪರ್ಧಿಸಿ ಎನ್ನುವಂಥ ನಡತೆಗೆ ಗ್ರೇಶಿಯಸ್ ಪ್ರೊಫೆಷನಲಿಸಂ ಎಂಬ ಹೆಸರನ್ನು ಬಳಕೆಗೆ ತಂದವರೂ ಫ್ಲವರ್ಸ್. ನಮ್ಮ ಮಕ್ಕಳಿಗೆ ನಾನು ಆ ಹೆಸರು ಹೇಳುವುದಿಲ್ಲ. ಸ್ಪೇರ್ ಬ್ಯಾಟರಿ ಎರಡು ಜಾಸ್ತಿ ಇಟ್ಟುಕೊಳ್ಳಿ, ಪಕ್ಕದ ಟೇಬಲಿನವರಿಗೆ ಬೇಕಾಗಬಹುದು ಎನ್ನುತ್ತೇನೆ.

ಇನ್ನು ನೀವು ಮಾಡಲೇಬೇಕಾದ ಒಂದೆರಡು ಕೆಲಸ ಇವೆ. ಅದಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಲ್ಯಾಬಿನ ಬೀಗ ತೆಗೆಸುವುದು ಮೊದಲನೆಯದು. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ 2016ರಲ್ಲಿ ಬಂತು. ಅದರಲ್ಲಿ ಆಯ್ಕೆಯಾದ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಮಾಡಲು, ನಡೆಸಲು 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆಂದೇ ಇರುವ ಹಣ ಅದು. ಆದರೂ ಒಂದು ಶಾಲೆಯಲ್ಲಿ ನಾನು ನೋಡಿದ್ದು, ಥ್ರೀಡಿ ಪ್ರಿಂಟರ್ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಮಕ್ಕಳು ಹಾಳು ಮಾಡಿದರೆ ಯಾರು ಜವಾಬ್ದಾರಿ ಎಂಬ ಭಯ. ಆ ಭಯ ಸುಳ್ಳಲ್ಲ, ಟೀಚರಿಗೆ ಲೆಕ್ಕ ಕೊಡಬೇಕಾಗುತ್ತದೆ. ಹಾಳಾದ ಸಾಮಾನಿಗೆ ಒಂದು ರಿಜಿಸ್ಟರ್ ಇಡೋಣ, ನಾನೂ ಸಹಿ ಹಾಕುತ್ತೇನೆ ಎಂದು ನೀವು ಹೇಳಿದರೆ ಅವರಿಗೆ ಎಷ್ಟೋ ಧೈರ್ಯ ಬರುತ್ತದೆ. ನಮ್ಮ ಕರಾವಳಿಯಲ್ಲಂತೂ ಮುಟ್ಟದೆ ಇಟ್ಟ ಸಾಮಾನೇ ಬೇಗ ಹಾಳಾಗುವುದು. ಎರಡು ಮಳೆಗಾಲ ಕಳೆದರೆ ಬ್ಯಾಟರಿ ಹೋಲ್ಡರಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿರುತ್ತದೆ.

ಎರಡನೆಯದು, ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಯಾರ ಕೈಯಲ್ಲಿದೆ ಎಂದು ನೋಡುತ್ತಿರಿ. ಸುಮ್ಮನೆ ಬಿಟ್ಟರೆ ಅದು ಹುಡುಗರ ಕೈಯಲ್ಲೇ ಉಳಿಯುತ್ತದೆ. ಹುಡುಗಿಯರಿಗೆ ಚಾರ್ಟ್ ಬರೆಯುವ, ಫೈಲ್ ಅಂದ ಮಾಡುವ ಕೆಲಸ ಬರುತ್ತದೆ. ಯಾರೂ ಬೇಕೆಂದು ಮಾಡುವುದಿಲ್ಲ, ಆದರೆ ಹಾಗೇ ಆಗುತ್ತದೆ. ನಾವು ಪ್ರತಿ ಶನಿವಾರ ಕೆಲಸ ಬದಲಾಯಿಸುತ್ತೇವೆ, ಎಲ್ಲರೂ ಎಲ್ಲವನ್ನೂ ಮಾಡಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ನಿಮಗೆ ಮಗಳಿದ್ದಾಳೆ, ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ತಾಂತ್ರಿಕ ಸಂಶಯ ಬಂದರೆ ಕೇಳಲು ನಮ್ಮಲ್ಲಿ ಜನಕ್ಕೆ ಬರವಿಲ್ಲ. ನಿಮಗೆ ಮಣಿಪಾಲ ಹತ್ತಿರವೇ ಇದೆ, ನಮಗೆ ಸುರತ್ಕಲ್ಲಿನ ಎನ್‌ಐಟಿಕೆ. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಕರೆದರೆ ಸಂತೋಷದಿಂದ ಬರುತ್ತಾರೆ. ಅವರಿಗೆ ಮೊದಲೇ ಒಂದು ಮಾತು ಹೇಳಿ: ಕೀಬೋರ್ಡ್ ಮುಟ್ಟಬಾರದು, ತುಳುವಿನಲ್ಲೋ ಕನ್ನಡದಲ್ಲೋ ಕೇಳಿ ಕೇಳಿ ಹೇಳಿಸಬೇಕು. ಇಂಗ್ಲಿಷಿನಲ್ಲಿ ಸುಮ್ಮನಿರುವ ಮಗು ಮನೆಮಾತಿನಲ್ಲಿ ಕೇಳಿದರೆ ಗೇರ್ ಬಗ್ಗೆ ಹತ್ತು ನಿಮಿಷ ಮಾತಾಡುತ್ತದೆ. ಬೋಟಿನ ಇಂಜಿನ್ ಬಿಚ್ಚುವುದನ್ನು ನೋಡಿ ಬೆಳೆದ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯಗಳೂ ಇವೆ.

ಮೊದಲ ದಿನ ಏನು ಮಾಡುವುದು ಎಂದು ಯೋಚನೆ ಆಗುತ್ತಿರಬಹುದು. ನಾವು ಮಾಡುವುದನ್ನು ಹೇಳುತ್ತೇನೆ. ರೋಬೋಟ್ ಸರಿಯಾಗಿ ಒಂದು ಮೀಟರ್ ಹೋಗಿ ನಿಲ್ಲಬೇಕು, ಅಷ್ಟೇ. ಚಕ್ರದ ವ್ಯಾಸ 5.6 ಸೆಂಟಿಮೀಟರ್ ಇದ್ದರೆ ಅದನ್ನು 3.14ರಿಂದ ಗುಣಿಸಿದಾಗ ಒಂದು ಸುತ್ತಿಗೆ ಸುಮಾರು 17.6 ಸೆಂಟಿಮೀಟರ್. ನೂರನ್ನು ಅದರಿಂದ ಭಾಗಿಸಿದರೆ ಹತ್ತಿರ ಹತ್ತಿರ 5.7 ಸುತ್ತು. ಲೆಕ್ಕ ಸರಿ ಇರುತ್ತದೆ, ಆದರೂ ರೋಬೋಟ್ ಒಮ್ಮೆ 97ಕ್ಕೆ ನಿಲ್ಲುತ್ತದೆ, ಒಮ್ಮೆ 102ಕ್ಕೆ. ಆಗ ಮಕ್ಕಳು ನಿಮ್ಮ ಮುಖ ನೋಡುತ್ತಾರೆ. ನೀವು ಕೈ ಹಿಂದೆ ಕಟ್ಟಿಕೊಂಡು ಮಾಸ್ಟ್ರ ಪ್ರಶ್ನೆ ಕೇಳಿ. ಹತ್ತು ಸಲ ಓಡಿಸಿ, ಹತ್ತನ್ನೂ ಪುಸ್ತಕದಲ್ಲಿ ಬರೆಯಲು ಹೇಳಿ. ತಾರೀಕು, ಬ್ಯಾಟರಿಯ ವೋಲ್ಟೇಜ್, ಎಷ್ಟು ದೂರ ಹೋಯಿತು. ತಪ್ಪಾದದ್ದನ್ನು ಅಳಿಸಲು ಬಿಡಬೇಡಿ. ನೀವು ಬ್ಯಾಂಕಿನವರು, ಲೆಕ್ಕದ ಪುಸ್ತಕ ಹೇಗಿರಬೇಕು ಎಂದು ನಿಮಗೆ ನಾನು ಹೇಳಿಕೊಡಬೇಕಾ?

ನಮ್ಮ ಪುಸ್ತಕದಲ್ಲಿ ಕಳೆದ ಜುಲೈಯಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಇನ್ನೊಂದು ಗೆರೆ ಎಳೆದು ಹೊಸ ಕಾಲಂ ಮಾಡಿದ್ದಳು. ತಲೆಬರಹ: "ನೆಲ ಒದ್ದೆ ಇತ್ತಾ?" ಮಳೆ ಬಂದ ದಿನ ಟೈಲ್ಸ್ ಮೇಲೆ ಪಸೆ ಬಂದು ಚಕ್ರ ಜಾರುತ್ತದೆ, ರೋಬೋಟ್ ಒಂದು ಮೀಟರ್ ತಲುಪುವುದಿಲ್ಲ ಎಂದು ಅವಳು ಕಂಡುಹಿಡಿದಿದ್ದಳು. ಅದು ನನಗೂ ಹೊಳೆದಿರಲಿಲ್ಲ.